ಬೊಂಬಾಯಿ ಲೋಕಲ್ಲು ಕಲಬುರಗಿ ಹಳಿ ಮೇಲೆ ಯಾಕ್ರೀ?

ನಮ್ಮ ಕಲಬುರಗಿ, ವಾಡಿ, ಯಾದಗಿರಿ, ರಾಯಚೂರು ಸ್ಟೇಷನ್ನುಗಳಲ್ಲಿ ಆಗಾಗ ಒಂದು ವಿಚಿತ್ರ ಗಾಡಿ ಕಣ್ಣಿಗೆ ಬೀಳುತ್ತದೆ. ಹೊಚ್ಚ ಹೊಸದು, ಬಣ್ಣ ಇನ್ನೂ ಹೊಳೆಯುತ್ತಿರುತ್ತದೆ. ಆದರೆ ಒಳಗೆ ಒಬ್ಬ ಪ್ರಯಾಣಿಕನೂ ಇಲ್ಲ, ಒಂದು ದೀಪವೂ ಇಲ್ಲ. ತುದಿಯ ಡಬ್ಬಿಯಲ್ಲಿ ಡ್ರೈವರ್ ಕೂಡುವ ಕೋಣೆ ಇದೆ, ಕೂತವರು ಯಾರೂ ಇಲ್ಲ. ನೆತ್ತಿಯ ಮೇಲೆ ತಂತಿ ಮುಟ್ಟುವ ಕಬ್ಬಿಣದ ಕೈ ಇದೆ, ಅದನ್ನು ಮಡಚಿ ಮಲಗಿಸಿದ್ದಾರೆ. ಮುಂದೆ ಒಂದು ಇಂಜಿನ್ನು ಈ ಇಡೀ ಸರಪಳಿಯನ್ನು ನಿಧಾನಕ್ಕೆ ಎಳೆದುಕೊಂಡು ಹೋಗುತ್ತದೆ.

ಇದನ್ನು ಕಂಡ ದಿನ ಬಜಾರಿನಲ್ಲಿ ಸುದ್ದಿಗೆ ಬರವಿಲ್ಲ. "ಕಲಬುರಗಿಗೂ ಲೋಕಲ್ ಗಾಡಿ ಬಂತಂತ್ರೀ" ಎಂದು ಒಬ್ಬರು. "ಇಲ್ರೀ, ಕೆಟ್ಟು ನಿಂತದ, ರಿಪೇರಿಗೆ ಒಯ್ಯಲಿಕ್ಕತ್ತಾರ" ಎಂದು ಇನ್ನೊಬ್ಬರು. "ಮ್ಯಾಲೆ ಕರೆಂಟ್ ತಂತಿ ಅದ, ಗಾಡಿನೂ ಕರೆಂಟಿಂದು. ಮತ್ತ ಇಂಜಿನ್ ಯಾಕ ಎಳೀಬೇಕು?" ಎಂದು ಕೇಳುವ ಬುದ್ಧಿವಂತರೂ ಇದ್ದಾರೆ. ಗೇಟು ಬಿದ್ದು ಬಸ್ಸಿನಲ್ಲಿ ಕಾದು ಕೂತವರಂತೂ ಕೇಳುವುದು ಒಂದೇ ಮಾತು: "ಖಾಲಿ ಗಾಡಿಗೆ ನಾವ್ಯಾಕ ಕಾಯಬೇಕ್ರೀ?"

ಎಲ್ಲ ಪ್ರಶ್ನೆಗಳಿಗೂ ಉತ್ತರ ಉಂಟು. ಕೊನೆಯ ಪ್ರಶ್ನೆಗೆ ಉತ್ತರ ಸ್ವಲ್ಪ ದೊಡ್ಡದು. ಅದರಲ್ಲಿ ನಮ್ಮ ಊರ ಹಿತವೂ ಸೇರಿಕೊಂಡಿದೆ.

ಹುಟ್ಟೂರು ಪೆರಂಬೂರು

ಈ ಗಾಡಿ ಹುಟ್ಟುವುದು ಮದ್ರಾಸಿನ ಪೆರಂಬೂರಿನಲ್ಲಿ. ಅಲ್ಲಿರುವ ಐ.ಸಿ.ಎಫ್. ಎಂಬ ರೈಲು ಡಬ್ಬಿ ಕಾರ್ಖಾನೆ 1955ರಲ್ಲಿ ಆರಂಭವಾಯಿತು. ಸಾಮಾನ್ಯ ಡಬ್ಬಿಗಳ ಜೊತೆಗೆ ಮುಂಬಯಿ ಉಪನಗರ ಮಾರ್ಗದ ವಿದ್ಯುತ್ ಗಾಡಿಗಳನ್ನೂ ಅದು ಕಟ್ಟುತ್ತದೆ. ಕಟ್ಟಿದ ಮೇಲೆ ಗಾಡಿ ಸುಮಾರು 1,280 ಕಿಲೋಮೀಟರ್ ಆಚೆಗಿನ ಮುಂಬಯಿ ಮುಟ್ಟಬೇಕು. ದಾರಿ ಯಾವುದು? ಅರಕ್ಕೋಣಂ, ರೇಣಿಗುಂಟ, ಕಡಪ, ಗುಂತಕಲ್ಲು ದಾಟಿದರೆ ನಮ್ಮ ರಾಯಚೂರು. ಅಲ್ಲಿಂದ ಯಾದಗಿರಿ, ವಾಡಿ, ಕಲಬುರಗಿ. ಮುಂದೆ ಸೊಲ್ಲಾಪುರ, ದೌಂಡ್, ಪುಣೆ. ಆಮೇಲೆ ಘಾಟ್ ಇಳಿದರೆ ಕಲ್ಯಾಣ.

ಇದು ಹಳೇ ಹೆದ್ದಾರಿ. ಬೊಂಬಾಯಿ ಕಡೆಯಿಂದ ಬಂದ ಜಿ.ಐ.ಪಿ. ರೈಲ್ವೆ ಹಳಿಯೂ ಮದ್ರಾಸ್ ಕಡೆಯಿಂದ ಬಂದ ಮದ್ರಾಸ್ ರೈಲ್ವೆ ಹಳಿಯೂ 1871ರಲ್ಲಿ ಕೂಡಿಕೊಂಡದ್ದು ನಮ್ಮ ರಾಯಚೂರಿನಲ್ಲೇ. ಅಂದಿನಿಂದ ಆ ಎರಡು ಮಹಾನಗರಗಳ ನಡುವಿನ ಸರಕು ನಮ್ಮ ಅಂಗಳ ಹಾಯ್ದೇ ಹೋಗುತ್ತಿದೆ. ಹತ್ತಿ ಹೋಯಿತು, ಸಿಮೆಂಟು ಹೋಯಿತು, ತೊಗರಿ ಹೋಯಿತು. ಈಗ ಗಾಡಿಯೇ ಸರಕಾಗಿ ಹೋಗುತ್ತಿದೆ.

ಹೊಟ್ಟೆಯೊಳಗೇ ಇಂಜಿನ್ನು

ನಮ್ಮ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಮುಂದೆ ಇಂಜಿನ್ನು, ಹಿಂದೆ ಡಬ್ಬಿಗಳು. ಎತ್ತು ಬೇರೆ, ಬಂಡಿ ಬೇರೆ. ಲೋಕಲ್ ಗಾಡಿ ಹಾಗಲ್ಲ. ಅಲ್ಲಿ ಬಂಡಿಯ ಹೊಟ್ಟೆಯೊಳಗೇ ಎತ್ತು. ಕೆಲವು ಡಬ್ಬಿಗಳ ಕೆಳಗೆ ಗಾಲಿಗೆ ಹೊಂದಿಕೊಂಡಂತೆ ಮೋಟಾರು ಇರುತ್ತದೆ. ಇವಕ್ಕೆ ಮೋಟಾರ್ ಡಬ್ಬಿ ಎನ್ನುತ್ತಾರೆ. ಹಳೆಯ ಪದ್ಧತಿಯ 12 ಡಬ್ಬಿಯ ಮುಂಬಯಿ ಗಾಡಿ ಎಂದರೆ ಮೂರು ಮೂರು ಡಬ್ಬಿಯ ನಾಲ್ಕು ತುಂಡು, ತುಂಡಿಗೊಂದು ಮೋಟಾರ್ ಡಬ್ಬಿ. ಎರಡೂ ತುದಿಗೆ ಡ್ರೈವರ್ ಕೋಣೆ. ಕೊನೆಯ ಸ್ಟೇಷನ್ ಮುಟ್ಟಿದರೆ ಡ್ರೈವರ್ ಈ ತುದಿಯಿಂದ ಆ ತುದಿಗೆ ನಡೆದು ಹೋದರಾಯಿತು, ಇಂಜಿನ್ ತಿರುಗಿಸುವ ತಾಪತ್ರಯವಿಲ್ಲ. ನಿಮಿಷ ನಿಮಿಷಕ್ಕೆ ಗಾಡಿ ಬಿಡುವ ಊರಿಗೆ ಇದೇ ಸರಿ.

ಆದರೆ ಎತ್ತಿಗೆ ಮೇವು ಬೇಕಲ್ಲ? ಇದರ ಮೇವು ಮೇಲಿನ ತಂತಿ. ತಂತಿ ಮುಗಿದಲ್ಲಿ ಗಾಡಿಯ ತಾಕತ್ತೂ ಮುಗಿಯಿತು. ಮುಂಬಯಿಯಲ್ಲಿ ಸಾವಿರಾರು ಜನರನ್ನು ಹೊತ್ತು ಓಡುವ ಗಾಡಿ, ತಂತಿಯಿಲ್ಲದ ಹಳಿಯ ಮೇಲೆ ಒಂದು ಅಂಗುಲವೂ ಸರಿಯದು. ನಮ್ಮ ಸೊಲ್ಲಾಪುರ–ವಾಡಿ–ಗುಂತಕಲ್ಲು ದಾರಿಗೆ ಉದ್ದಕ್ಕೂ ವಿದ್ಯುತ್ ತಂತಿ ಬಂದದ್ದು ಈಚಿನ ವರ್ಷಗಳಲ್ಲಿ. ಅಲ್ಲಿಯ ತನಕ ಈ ಗಾಡಿಗಳನ್ನು ಡೀಸೆಲ್ ಇಂಜಿನ್ನೇ ಎಳೆಯಬೇಕಿತ್ತು. ರೈಲ್ವೆ ಭಾಷೆಯಲ್ಲಿ ಹೀಗೆ ಎಳೆಸಿಕೊಂಡು ಹೋಗುವ ಗಾಡಿಗೆ "ಡೆಡ್" ಎನ್ನುತ್ತಾರೆ. ಸತ್ತದ್ದಲ್ಲ, ಮೇವಿಲ್ಲದೆ ಮಲಗಿದ್ದು.

ತಂತಿ ಇದ್ದ ಕಡೆಯೂ ಕಷ್ಟ ತಪ್ಪುತ್ತಿರಲಿಲ್ಲ. ಯಾಕಂದರೆ ಕರೆಂಟಿನಲ್ಲೂ ಜಾತಿ ಉಂಟು. ಮುಂಬಯಿಯಲ್ಲಿ ಮೊದಲ ವಿದ್ಯುತ್ ರೈಲು ಓಡಿದ್ದು 1925ರ ಫೆಬ್ರವರಿ 3ರಂದು, ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ. ಅಂದು ಹಾಕಿದ್ದು 1,500 ವೋಲ್ಟಿನ ಡಿ.ಸಿ. ಕರೆಂಟು. ದೇಶದ ಉಳಿದ ಕಡೆ ಆಮೇಲೆ ಹಬ್ಬಿದ್ದು 25,000 ವೋಲ್ಟಿನ ಎ.ಸಿ. ಲಾರಿ ಬ್ಯಾಟರಿಯ ಬಲ್ಬನ್ನು ಅಂಗಡಿಯ ಹೋಲ್ಡರಿಗೆ ಸಿಕ್ಕಿಸಿದರೆ ಏನಾಗುತ್ತದೆ ಎಂದು ಎಲೆಕ್ಟ್ರಿಕ್ ಸಾಮಾನು ಮಾರುವವರಿಗೆ ಹೇಳಬೇಕಾಗಿಲ್ಲ. ಡಿ.ಸಿ. ಗಾಡಿಯನ್ನು ಎ.ಸಿ. ತಂತಿಯ ಕೆಳಗೆ ಓಡಿಸುವ ಮಾತೂ ಅಷ್ಟೇ. ಪಶ್ಚಿಮ ರೈಲ್ವೆಯ ಉಪನಗರ ಮಾರ್ಗ ಎ.ಸಿ.ಗೆ ಪೂರ್ತಿ ಬದಲಾದದ್ದು 2012ರಲ್ಲಿ. ಮಧ್ಯ ರೈಲ್ವೆಯ ಹಾರ್ಬರ್ ಮಾರ್ಗ 2016ರಲ್ಲಿ ಬದಲಾಯಿತು. ಬದಲಾಗುವ ಕಾಲದಲ್ಲಿ ಎರಡೂ ಬಗೆಯ ಕರೆಂಟು ಕುಡಿಯುವ ಗಾಡಿಗಳನ್ನು ಕಟ್ಟಿಸಬೇಕಾಯಿತು. ಒಂದು ಊರಿನ ಹಳೇ ಲೆಕ್ಕ ತೀರಿಸಲು ತೊಂಬತ್ತು ವರ್ಷ ಹಿಡಿಯಿತು.

ಒಂದು ಗೇಣು ದಪ್ಪ

"ಈಗಂತೂ ಎಲ್ಲಾ ಕಡೆ ಒಂದೇ ಕರೆಂಟು. ಇನ್ನೂ ಯಾಕ ಎಳಿತಾರ?" ಎಂಬುದು ನ್ಯಾಯವಾದ ಪ್ರಶ್ನೆ. ನಮ್ಮ ಕಲಬುರಗಿಗೂ ಬೆಂಗಳೂರಿಗೂ 2024ರ ಮಾರ್ಚ್‌ನಿಂದ ವಂದೇ ಭಾರತ್ ಓಡುತ್ತಿದೆ. ಅದಕ್ಕೂ ಬೇರೆ ಇಂಜಿನ್ ಇಲ್ಲ, ಅದರ ಹೊಟ್ಟೆಯಲ್ಲೂ ಮೋಟಾರೇ. ಅದು ತನ್ನಷ್ಟಕ್ಕೆ ಓಡುತ್ತದೆ, ಇದು ಯಾಕೆ ಓಡುವುದಿಲ್ಲ?

ಮೊದಲ ಕಾರಣ ಮೈಕಟ್ಟು. ನಮ್ಮ ಮಾಮೂಲಿ ಎಕ್ಸ್‌ಪ್ರೆಸ್ ಡಬ್ಬಿಯ ಅಗಲ ಸುಮಾರು 3.25 ಮೀಟರ್. ಮುಂಬಯಿ ಲೋಕಲ್ ಡಬ್ಬಿಯ ಅಗಲ 12 ಅಡಿ, ಅಂದರೆ 3.66 ಮೀಟರ್. ಎಡಕ್ಕೆ ಒಂದು ಗೇಣು, ಬಲಕ್ಕೆ ಒಂದು ಗೇಣು ಹೆಚ್ಚು. ಜನರನ್ನು ತುಂಬಲಿಕ್ಕೆ ಬೇಕೆಂದೇ ಇಷ್ಟು ದಪ್ಪ ಮಾಡಿದ್ದಾರೆ. ಮುಂಬಯಿಯ ಹಳಿ, ಪ್ಲಾಟ್‌ಫಾರಂ, ಕಂಬ ಎಲ್ಲ ಆ ದಪ್ಪಕ್ಕೆ ಒಗ್ಗಿವೆ. ನಡುವಿನ ಸಾವಿರ ಕಿಲೋಮೀಟರಿನ ದಾರಿ?

ಲಾರಿಯ ಹೊರಗೆ ಚಾಚಿಕೊಂಡ ಹತ್ತಿ ಅಂಡಿಗೆ ಸಂದಿಯೊಳಗೆ ಹೋಗುವಾಗ ಕ್ಲೀನರ್ ಇಳಿದು "ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕ" ಎಂದು ಕೂಗುತ್ತಾನಲ್ಲ, ಹಾಗೆಯೇ ಇದೂ. ಪ್ಲಾಟ್‌ಫಾರಂ ಅಂಚು, ಸಿಗ್ನಲ್ ಕಂಬ, ಸೇತುವೆಯ ಪಕ್ಕೆ, ಪಕ್ಕದ ಹಳಿಯ ಗಾಡಿ, ಇವೆಲ್ಲಕ್ಕೂ ಇದರ ಮೈಗೂ ನಡುವಿನ ಅಂತರ ಕಮ್ಮಿ. ಆದ್ದರಿಂದ ರೈಲ್ವೆಯವರು ಇಂಥದ್ದನ್ನು ಪ್ರಯಾಣಿಕರ ಗಾಡಿ ಎಂದು ನೋಡುವುದಿಲ್ಲ, "ಅಳತೆ ಮೀರಿದ ಸರಕು" ಎಂದು ನೋಡುತ್ತಾರೆ. ಅವರ ಭಾಷೆಯಲ್ಲಿ ಓ.ಡಿ.ಸಿ. ಕಾರ್ಖಾನೆಯ ದೊಡ್ಡ ಬಾಯ್ಲರು, ಟ್ರಾನ್ಸ್‌ಫಾರ್ಮರು ಸಾಗಿಸುವಾಗಲೂ ಇದೇ ಹೆಸರು.

ಅಳತೆ ಮೀರಿದ ಸರಕಿಗೆ ಮೊದಲೇ ಪರವಾನಗಿ ಬೇಕು. ಯಾವ ಮಾರ್ಗ, ಯಾವ ಸ್ಟೇಷನ್ನಿನಲ್ಲಿ ಯಾವ ಹಳಿ, ಎಲ್ಲಿ ಎಷ್ಟು ವೇಗ ಎಂಬುದೆಲ್ಲ ಕಾಗದದ ಮೇಲೆ ಬರೆದಿರುತ್ತದೆ. ಕಂಬ ಕಟ್ಟಡಗಳಿಗೆ ಎಷ್ಟು ಅಂತರ ಉಳಿಯುತ್ತದೆ ಎಂಬುದರ ಮೇಲೆ ಎ, ಬಿ, ಸಿ ಎಂದು ಮೂರು ದರ್ಜೆ. ಅಂತರ ಕಡಿಮೆಯಾದಷ್ಟೂ ನಿಯಮ ಬಿಗಿ. ತೀರಾ ಇಕ್ಕಟ್ಟಾದ ಸರಕು ಹಗಲು ಹೊತ್ತಿನಲ್ಲೇ, ಆಮೆಯ ನಡಿಗೆಯಲ್ಲೇ, ಜೊತೆಗೆ ರೈಲ್ವೆ ಸಿಬ್ಬಂದಿಯ ಕಾವಲಿನಲ್ಲೇ ಹೋಗಬೇಕು. ಗೇಟಿನಲ್ಲಿ ಬಸ್ಸು ಕಾಯುವುದು ಯಾಕೆ ಎಂಬುದು ಈಗ ತಿಳಿಯಿತಲ್ಲ? ವಂದೇ ಭಾರತದ ಮೈ ಮಾಮೂಲಿ ಅಳತೆಯೊಳಗಿದೆ. ಅದಕ್ಕೆ ಈ ತಂಟೆ ಇಲ್ಲ.

ಎರಡನೆಯ ಕಾರಣ, ಕಾರ್ಖಾನೆಯಿಂದ ಹೊರಟ ಗಾಡಿ ಇನ್ನೂ ಕೆಲಸಕ್ಕೆ ಸೇರಿಲ್ಲ. ಮುಂಬಯಿಯ ಕಾರ್‌ಶೆಡ್ ಮುಟ್ಟಿದ ಮೇಲೆ ಅಲ್ಲಿನ ಇಂಜಿನಿಯರುಗಳು ತಂತಿ, ಮೋಟಾರು, ಬಾಗಿಲು, ಬ್ರೇಕು ಎಲ್ಲವನ್ನೂ ನೋಡಿ, ಖಾಲಿ ಓಡಿಸಿ, ತೂಕ ಹೇರಿ ಓಡಿಸಿ, ಸೈ ಎಂದ ಮೇಲೆಯೇ ಪ್ರಯಾಣಿಕರಿಗೆ ಬಾಗಿಲು ತೆರೆಯುವುದು. ಅಲ್ಲಿಯ ತನಕ ಅದು ಪೆಟ್ಟಿಗೆಯಲ್ಲಿನ ಸಾಮಾನು. ಶೋರೂಮಿನ ಹೊಸ ಗಾಡಿಯನ್ನು ನಂಬರ್ ಪ್ಲೇಟ್ ಇಲ್ಲದೆ ಊರೂರು ಓಡಿಸಲಿಕ್ಕೆ ಬಿಡುತ್ತಾರೇನು?

ಬ್ರೇಕಿನ ಫಜೀತಿ

ಎಳೆಯುವುದು ಸುಲಭ, ನಿಲ್ಲಿಸುವುದು ಕಷ್ಟ. ಇದು ಬಂಡಿ ಹೊಡೆದವರಿಗೆಲ್ಲ ಗೊತ್ತಿರುವ ಮಾತು.

ಲೋಕಲ್ ಗಾಡಿಯ ಬ್ರೇಕು ಹಿಡಿಯುವುದು ಗಾಳಿಯಿಂದ. ಆದರೆ ಆ ಗಾಳಿಗೆ ಹುಕುಂ ಕೊಡುವುದು ಕರೆಂಟು. ಡ್ರೈವರ್ ಹಿಡಿಕೆ ತಿರುಗಿಸಿದೊಡನೆ ಕರೆಂಟಿನ ಮೂಲಕ ಹನ್ನೆರಡೂ ಡಬ್ಬಿಗೆ ಏಕಕಾಲಕ್ಕೆ ಸುದ್ದಿ ಮುಟ್ಟಿ ಬ್ರೇಕು ಹಿಡಿಯುತ್ತದೆ. ನಿಮಿಷಕ್ಕೊಂದು ಸ್ಟೇಷನ್ ಬರುವ ಊರಲ್ಲಿ ಇಷ್ಟು ಚುರುಕು ಬೇಕೇ ಬೇಕು. ಗಾಡಿ ಡೆಡ್ ಆಗಿ ಹೊರಟಾಗ ಕರೆಂಟು ಇಲ್ಲ, ಗಾಳಿ ತುಂಬುವ ಅದರ ಕಂಪ್ರೆಸರ್ ಕೂಡ ನಿಂತಿರುತ್ತದೆ. ಆಗ ಎಳೆಯುವ ಇಂಜಿನ್ನೇ ಉದ್ದದ ಪೈಪಿನಲ್ಲಿ ಗಾಳಿ ಒದಗಿಸಬೇಕು. ಬ್ರೇಕು ಮುಂದಿನ ಡಬ್ಬಿಯಿಂದ ಹಿಂದಿನ ಡಬ್ಬಿಗೆ ಸಾಲಾಗಿ ಹಿಡಿಯುತ್ತ ಹೋಗುತ್ತದೆ. ಕೆಲಸ ನಡೆಯುತ್ತದೆ, ಚುರುಕು ಇಲ್ಲ.

ಹಿಂದಿನ ಕಾಲದಲ್ಲಿ ಇದು ಇನ್ನೂ ದೊಡ್ಡ ತಲೆನೋವು. ಆಗಿನ ಬಹುತೇಕ ಇಂಜಿನ್ನು, ಡಬ್ಬಿಗಳದ್ದು ವ್ಯಾಕ್ಯೂಮ್ ಬ್ರೇಕು. ಅಂದರೆ ಪೈಪಿನಿಂದ ಗಾಳಿ ಹೀರಿ ಹಿಡಿದಿಡುವ ಪದ್ಧತಿ. ಲೋಕಲ್ಲಿನದು ಗಾಳಿ ತುಂಬುವ ಪದ್ಧತಿ. ಒಂದು ಉಸಿರು ಎಳೆದುಕೊಂಡರೆ ಇನ್ನೊಂದು ಉಸಿರು ಬಿಡುವ ಜಾತಿ. ಎರಡಕ್ಕೂ ಮಾತು ಹತ್ತುತ್ತಿರಲಿಲ್ಲ. ಅದಕ್ಕೇ ಬೇರೆ ಏರ್ಪಾಡು ಬೇಕಾಗುತ್ತಿತ್ತು.

ಇನ್ನೊಂದು ಸೂಕ್ಷ್ಮ ನೋಡಿ. ಗಾಡಿ ಮಲಗಿದ್ದರೂ ಅದರ ಮೋಟಾರು ಮಲಗುವುದಿಲ್ಲ. ಗಾಲಿಗೂ ಮೋಟಾರಿಗೂ ಹಲ್ಲುಗಾಲಿಯ ನಂಟು. ಗಾಲಿ ತಿರುಗಿದರೆ ಮೋಟಾರು ತಿರುಗಲೇಬೇಕು. ಕರೆಂಟಿಲ್ಲದೆ, ಕೆಲಸವಿಲ್ಲದೆ ಸಾವಿರದ ಮೇಲೆ ಕಿಲೋಮೀಟರ್ ಸುಮ್ಮನೆ ತಿರುಗುತ್ತ ಹೋಗುತ್ತದೆ. ಎಣ್ಣೆ, ಗ್ರೀಸು ಸರಿಯಿಲ್ಲದಿದ್ದರೆ ಬೇರಿಂಗ್ ಕಾದು ಕೆಡುತ್ತದೆ. ಎಳೆದೊಯ್ಯುವಾಗ ದಾರಿಯಲ್ಲಿ ನಿಲ್ಲಿಸಿ ಕೆಳಗೆ ಬಗ್ಗಿ ನೋಡುತ್ತಾರಲ್ಲ, ಅದು ಬೀಡಿ ಸೇದುವ ನೆಪವಲ್ಲ.

ಕೊನೆಯ ಪರೀಕ್ಷೆ ಪುಣೆಯಾಚೆ. ಲೋಣಾವಳದಿಂದ ಕರ್ಜತ್‌ಗೆ ಇಳಿಯುವ ಭೋರ್ ಘಾಟಿನಲ್ಲಿ ಇಳಿಜಾರು 37ಕ್ಕೆ 1. ಅಂದರೆ 37 ಅಡಿ ಮುಂದೆ ಹೋದರೆ ಒಂದು ಅಡಿ ಕೆಳಗೆ. ರೈಲಿಗೆ ಇದು ಭಾರೀ ಕಡಿದು. ಹತ್ತುವ ಗಾಡಿಗಳಿಗೆ ಕರ್ಜತ್‌ನಲ್ಲಿ ಹಿಂದಿನಿಂದ ತಳ್ಳಲು ಬೇರೆ ಇಂಜಿನ್ ಹಚ್ಚುತ್ತಾರೆ. ಇಳಿಯುವ ಗಾಡಿ ಕೈ ಮೀರಿದರೆ ಹಿಡಿದು ನಿಲ್ಲಿಸಲು ಏರುಮುಖದ ಅಡ್ಡಹಳಿಗಳಿವೆ. ಇಂಥ ಘಾಟನ್ನು ಎರವಲು ಗಾಳಿಯ ಬ್ರೇಕು ನಂಬಿ, ಅಳತೆ ಮೀರಿದ ಗಾಡಿ ಹಿಡಿದು ಇಳಿಸುವುದು ಹುಡುಗಾಟವಲ್ಲ.

ರಿಪೇರಿಯ ಊರು ಎಲ್ಲಿ?

ಹೊಸ ಗಾಡಿ ಒಂದು ಸಲ ಬಂದರೆ ಮುಗಿಯಿತೇ? ಇಲ್ಲ. ಲಾರಿಗೆ ಎಫ್.ಸಿ. ಇದ್ದಂತೆ ರೈಲು ಗಾಡಿಗೂ ಗೊತ್ತಾದ ಕಾಲಕ್ಕೆ ಪೂರ್ತಿ ಬಿಚ್ಚಿ ಜೋಡಿಸುವ ದೊಡ್ಡ ರಿಪೇರಿ ಇದೆ. ಮುಂಬಯಿಯ ಪುಣ್ಯ, ಅದರ ದೊಡ್ಡ ವರ್ಕ್‌ಶಾಪುಗಳು ಊರೊಳಗೇ ಇವೆ. 1915ರಲ್ಲಿ ಶುರುವಾದ ಮಾಟುಂಗಾ ವರ್ಕ್‌ಶಾಪು ಮಧ್ಯ ರೈಲ್ವೆಯದು. ಮಹಾಲಕ್ಷ್ಮಿಯದು ಪಶ್ಚಿಮ ರೈಲ್ವೆಯದು. ಮಾಟುಂಗಾ ಎಂದರೆ ನಮ್ಮ ಕನ್ನಡಿಗರ ಹಳೇ ಬೀಡು. ಉಡುಪಿ ಹೋಟೆಲಿನ ಇಡ್ಲಿ ವಾಸನೆಯೂ ವರ್ಕ್‌ಶಾಪಿನ ಗ್ರೀಸಿನ ವಾಸನೆಯೂ ಒಂದೇ ಪೇಟೆಯವು. ತಂತಿಯ ಕೆಳಗೇ ವರ್ಕ್‌ಶಾಪು ಇದ್ದರೆ ಗಾಡಿ ಬೇಗ ಹೋಗಿ ಬೇಗ ಬರುತ್ತದೆ.

ಎಲ್ಲರಿಗೂ ಈ ಪುಣ್ಯವಿಲ್ಲ. ಇಂಗ್ಲೆಂಡಿನ ಲಿವರ್‌ಪೂಲ್ ಊರಿನ ಕತೆ ಕೇಳಿ. ಅಲ್ಲಿನ ಉಪನಗರ ರೈಲಿಗೆ ಮೇಲೆ ತಂತಿ ಇಲ್ಲ. ನೆಲದಲ್ಲೇ ಮೂರನೆಯ ಹಳಿ ಇಟ್ಟು ಅದರಲ್ಲಿ 750 ವೋಲ್ಟ್ ಕರೆಂಟು ಹರಿಸುತ್ತಾರೆ. 2002ರಿಂದ 2005ರ ನಡುವೆ ಆ ಗಾಡಿಗಳನ್ನೆಲ್ಲ ಹೊಸದು ಮಾಡಬೇಕಾಗಿ ಬಂದಾಗ, ಕೆಲಸ ಸಿಕ್ಕಿದ್ದು ದಕ್ಷಿಣ ಕರಾವಳಿಯ ಹತ್ತಿರದ ಈಸ್ಟ್‌ಲೀ ವರ್ಕ್‌ಶಾಪಿಗೆ. ವಿನೋದವೆಂದರೆ ಈಸ್ಟ್‌ಲೀಯಲ್ಲೂ ಮೂರನೆಯ ಹಳಿಯೇ ಇದೆ. ಆದರೆ ಎರಡು ಊರಿನ ನಡುವಿನ ದೂರದ ದಾರಿಯಲ್ಲಿ ಅದು ಇಲ್ಲ. ಹೊಳೆಯ ಎರಡೂ ದಡದಲ್ಲಿ ರಸ್ತೆ ಇದ್ದು ನಡುವೆ ಸೇತುವೆ ಇಲ್ಲದಂತೆ.

ಆ ದೇಶದಲ್ಲಿ ಇಂಥ ಗಾಡಿ ಎಳೆಯುವಾಗ ಇನ್ನೊಂದು ತೊಡಕು. ಇಂಜಿನ್ನಿನ ಕೊಂಡಿ ಒಂದು ಬಗೆ, ವಿದ್ಯುತ್ ಗಾಡಿಯ ಕೊಂಡಿ ಇನ್ನೊಂದು ಬಗೆ. ಆದ್ದರಿಂದ ಒಂದು ತುದಿಗೆ ಈ ಕೊಂಡಿ, ಇನ್ನೊಂದು ತುದಿಗೆ ಆ ಕೊಂಡಿ ಇರುವ ದುಭಾಷಿ ಡಬ್ಬಿಯನ್ನು ನಡುವೆ ಸೇರಿಸುತ್ತಾರೆ. ಮದುವೆಗೆ ಮಧ್ಯಸ್ಥಗಾರ ಇದ್ದಂತೆ.

ಇದಕ್ಕೂ ಮೀರಿದ್ದು ಅದೇ ದೇಶದ ವೈಟ್ ದ್ವೀಪ. ಅಲ್ಲಿ ರೈಡ್ ಊರಿನಿಂದ ಶಾಂಕ್ಲಿನ್‌ವರೆಗೆ ಹದಿನಾಲ್ಕು ಕಿಲೋಮೀಟರಿನಷ್ಟು ಚಿಕ್ಕ ವಿದ್ಯುತ್ ರೈಲು ಮಾರ್ಗವಿದೆ. ಸುರಂಗ ತಗ್ಗಾದದ್ದರಿಂದ ಲಂಡನ್ನಿನ ನೆಲದಡಿ ರೈಲಿನ ಹಳೇ ಡಬ್ಬಿಗಳನ್ನು ತಂದು ಓಡಿಸುತ್ತ ಬಂದರು. 1938ರ ಮಾದರಿಯ ಡಬ್ಬಿಗಳು ಅಲ್ಲಿ 2021ರ ಜನವರಿಯವರೆಗೂ ದುಡಿದವು! ಅದೇ ವರ್ಷದ ನವೆಂಬರಿನಲ್ಲಿ ಅವುಗಳ ಜಾಗಕ್ಕೆ ಬಂದ ಗಾಡಿಗಳು ಕೂಡ ಲಂಡನ್ನಿನ ಹಳೇ ಡಬ್ಬಿಗಳನ್ನೇ ಬಿಚ್ಚಿ ಕಟ್ಟಿದವು. ದ್ವೀಪಕ್ಕೆ ಹಳಿಯ ನಂಟಿಲ್ಲ. ಡಬ್ಬಿಗಳನ್ನು ಲಾರಿಗೆ ಹೇರಿ, ಲಾರಿಯನ್ನು ಹಡಗಿಗೆ ಹತ್ತಿಸಿ ದಾಟಿಸಿದರು. ರೈಲು ಲಾರಿಯ ಮೇಲೆ, ಲಾರಿ ಹಡಗಿನ ಮೇಲೆ!

ಬೆಂಗಳೂರಿನವರೂ ಕಾದರು

ಲಾರಿಯ ಮೇಲೆ ರೈಲು ನೋಡಲು ಇಂಗ್ಲೆಂಡಿಗೆ ಹೋಗಬೇಕಿಲ್ಲ. ನಮ್ಮ ಬೆಂಗಳೂರು ಮೆಟ್ರೋದ ಹಳಿಗಳ ಅಂತರ 1,435 ಮಿಲಿಮೀಟರ್, ನಮ್ಮ ರೈಲ್ವೆಯದು 1,676. ಕಲಕತ್ತೆಯ ಮೆಟ್ರೋ ಮಾತ್ರ 1984ರಲ್ಲಿ ಶುರುವಾದಾಗ ರೈಲ್ವೆಯ ಅಗಲದ ಹಳಿಯನ್ನೇ ಹಿಡಿದಿತ್ತು. ಬೆಂಗಳೂರಿನ ಮೆಟ್ರೋ ಡಬ್ಬಿಗೆ ರೈಲು ಹಳಿಯ ಮೇಲೆ ನಿಲ್ಲಲಿಕ್ಕೂ ಬರುವುದಿಲ್ಲ. ಹಳದಿ ಮಾರ್ಗದ ಮೊದಲ ಗಾಡಿ ಚೀನಾದಿಂದ ಹಡಗಿನಲ್ಲಿ ಮದ್ರಾಸ್ ಬಂದರಿಗೆ ಬಂತು. ಅಲ್ಲಿಂದ ಟ್ರೇಲರುಗಳ ಮೇಲೆ ಕೂತು 2024ರ ಫೆಬ್ರವರಿಯಲ್ಲಿ ಹೆಬ್ಬಗೋಡಿ ಡಿಪೋ ಮುಟ್ಟಿತು. ಆಮೇಲಿನ ಗಾಡಿಗಳು ಕಲಕತ್ತೆ ಕಡೆಯ ಕಾರ್ಖಾನೆಯಿಂದ ರಸ್ತೆಯಲ್ಲೇ ಬರಬೇಕಾಯಿತು.

ಗಾಡಿ ಬರುವುದು ತಡವಾದರೆ ಏನಾಗುತ್ತದೆ ಎಂಬುದಕ್ಕೆ ಆ ಮಾರ್ಗವೇ ಸಾಕ್ಷಿ. 2025ರ ಆಗಸ್ಟ್ 10ರಂದು ಉದ್ಘಾಟನೆಯಾದಾಗ ಸುಮಾರು 19 ಕಿಲೋಮೀಟರಿನ ಮಾರ್ಗಕ್ಕೆ ಇದ್ದದ್ದು ಮೂರೇ ಗಾಡಿ. 25 ನಿಮಿಷಕ್ಕೊಂದು ಬಿಡಬೇಕಾಯಿತು. ಹಳಿ ಹಾಕಿದರೆ ರೈಲು ಬಂದಂತಲ್ಲ, ತಂತಿ ಎಳೆದರೆ ರೈಲು ಬಂದಂತಲ್ಲ. ಗಾಡಿ ಬರಬೇಕು, ಬಂದ ಗಾಡಿಗೆ ಶೆಡ್ಡು ಇರಬೇಕು.

ಖಾಲಿ ಗಾಡಿಯಲ್ಲಿ ಯಾರಿದ್ದಾರೆ?

ಈಗ ಗೇಟಿನಲ್ಲಿ ಕಾಯುವವರ ಪ್ರಶ್ನೆಗೆ ಬರೋಣ. ಖಾಲಿ ಗಾಡಿಗೆ ನಾವ್ಯಾಕೆ ಕಾಯಬೇಕು?

ಮುಂಬಯಿ ಲೋಕಲ್ಲಿನಲ್ಲಿ ದಿನಕ್ಕೆ 70 ಲಕ್ಷಕ್ಕೂ ಹೆಚ್ಚು ಜನ ಓಡಾಡುತ್ತಾರೆ ಎಂಬ ಲೆಕ್ಕವಿದೆ. ಅದರಲ್ಲಿ ನಮ್ಮವರು ಕಡಿಮೆಯೇ? ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಎಷ್ಟು ತಾಂಡಾ, ಎಷ್ಟು ಹಳ್ಳಿಯ ಜನ ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿಕೊಂಡು ಅದೇ ಊರಿಗೆ ಹೋಗುತ್ತಾರೆ! ಕಟ್ಟಡ ಕಟ್ಟುವವರು, ಗಾರೆ ಹೊರುವವರು, ಹೋಟೆಲಿನಲ್ಲಿ ದುಡಿಯುವವರು. ಅವರಿಗೆ ಕಾರಿಲ್ಲ, ಆಟೋಕ್ಕೆ ಕೊಡಲು ದುಡ್ಡಿಲ್ಲ. ಅವರ ವಾಹನ ಲೋಕಲ್ಲೇ.

ಆ ಲೋಕಲ್ಲಿನಲ್ಲಿ ಜಾಗವಿಲ್ಲದೆ ಜನ ಬಾಗಿಲಲ್ಲಿ ಜೋತುಬೀಳುತ್ತಾರೆ. 2025ರ ಜೂನ್ 9ರ ಬೆಳಿಗ್ಗೆ ಠಾಣೆ ಜಿಲ್ಲೆಯ ಮುಂಬ್ರಾ ಹತ್ತಿರ, ಎದುರು ಬದುರು ಹೋಗುತ್ತಿದ್ದ ಎರಡು ತುಂಬಿದ ಲೋಕಲ್ಲುಗಳ ಬಾಗಿಲಿನಿಂದ ಜನ ಹಳಿಗೆ ಉದುರಿದರು. ಕನಿಷ್ಠ ನಾಲ್ವರು ಸತ್ತರು. ಅದಾದ ಬಳಿಕ, ಎ.ಸಿ. ಇಲ್ಲದ ಗಾಡಿಗಳಿಗೂ ತಾನಾಗಿ ಮುಚ್ಚುವ ಬಾಗಿಲು ಹಾಕಿ ಕಟ್ಟುವುದಾಗಿ ರೈಲ್ವೆ ಹೇಳಿತು. ಅಂಥ ಗಾಡಿ ಪೆರಂಬೂರಿನಲ್ಲಿ ಕಟ್ಟಿದರಷ್ಟೇ ಸಾಲದು, ಮುಂಬಯಿ ಮುಟ್ಟಬೇಕು. ಮುಟ್ಟುವ ದಾರಿ ನಮ್ಮದು.

ಮುಟ್ಟಿದರೂ ಅಳತೆ ತಪ್ಪಿದ್ದರೆ ಮತ್ತೆ ಕಾಯಬೇಕು. ಮೊದಲ ಎ.ಸಿ. ಲೋಕಲ್ 2016ರ ಏಪ್ರಿಲ್‌ನಲ್ಲೇ ಕುರ್ಲಾ ಕಾರ್‌ಶೆಡ್‌ಗೆ ಬಂತು. ನೋಡಿದರೆ ಅದರ ಎತ್ತರ ಮಧ್ಯ ರೈಲ್ವೆಯ ತಗ್ಗಿನ ಹಳೇ ಸೇತುವೆಗಳ ಅಡಿ ಹಾಯಲು ಹೆಚ್ಚಾಯಿತು. ಆ ಗಾಡಿಯನ್ನು ಪಶ್ಚಿಮ ರೈಲ್ವೆಗೆ ಒಪ್ಪಿಸಿ, ಪರೀಕ್ಷೆಗಳೆಲ್ಲ ಮುಗಿದು ಪ್ರಯಾಣಿಕರು ಹತ್ತಿದ್ದು 2017ರ ಡಿಸೆಂಬರ್ 25ರಂದು. ಒಂದು ಗಾಡಿ ಒಂದೂವರೆ ವರ್ಷಕ್ಕೂ ಮೇಲೆ ಕೆಲಸವಿಲ್ಲದೆ ನಿಂತರೆ ಅಷ್ಟು ದಿನ ಅಷ್ಟು ಜನ ಹಳೇ ಗಾಡಿಯ ಬಾಗಿಲಲ್ಲಿ ಜೋತಾಡಿದಂತೆ.

ಆದ್ದರಿಂದ ನಮ್ಮ ಗೇಟಿನಲ್ಲಿ ಹಾಯುವ ಗಾಡಿ ಖಾಲಿ ಎಂದು ಹೇಳುವುದು ಅರ್ಧ ಸತ್ಯ. ನಾಳೆ ಅದರಲ್ಲಿ ಕೂಡಲಿರುವವರಲ್ಲಿ ನಿಮ್ಮ ಓಣಿಯವರೂ ಇರಬಹುದು.

ಸಾರ್ವಜನಿಕರಲ್ಲಿ ಎರಡು ಮಾತು, ರೈಲ್ವೆಗೆ ಎರಡು ಮಾತು

ಸಾರ್ವಜನಿಕರಿಗೆ ಮೊದಲ ಮಾತು. ಖಾಲಿ ಗಾಡಿ ಎಂದು ಕಲ್ಲು ಬೀರುವ ಹುಡುಗರನ್ನು ತಡೆಯಿರಿ. ಒಂದು ಗಾಜು ಒಡೆದರೆ ಕಾರ್‌ಶೆಡ್ಡಿನಲ್ಲಿ ಅಷ್ಟು ಕೆಲಸ ಹೆಚ್ಚು. ರೈಲಿನಲ್ಲಿ ಹೋಗುವವರ ಜೀವಕ್ಕೆ ಅಪಾಯವಾಗುವಂತೆ ಬೇಕೆಂದು ನಡೆದರೆ 1989ರ ರೈಲ್ವೆ ಕಾಯಿದೆಯ 153ನೆಯ ಕಲಮಿನ ಪ್ರಕಾರ ಐದು ವರ್ಷದವರೆಗೆ ಸೆರೆಮನೆ ಉಂಟು. ಎಳೆಸಿಕೊಂಡು ಹೋಗುವ ಗಾಡಿಯಲ್ಲೂ ಕಾವಲಿನ ಸಿಬ್ಬಂದಿ ಇರುತ್ತಾರೆ ಎಂಬುದು ನೆನಪಿರಲಿ.

ಎರಡನೆಯದು, ಮುಚ್ಚಿದ ಗೇಟನ್ನು ತೆರೆಸಲು ಗೇಟ್‌ಮನ್ ಮೇಲೆ ಜೋರು ಮಾಡಬೇಡಿ, ಅಡಿಯಿಂದ ಸೈಕಲ್, ಮೋಟಾರ್ ಸೈಕಲ್ ನುಗ್ಗಿಸಬೇಡಿ. ಮುಚ್ಚಿದ ಗೇಟು ತೆರೆದವರಿಗೆ ಅದೇ ಕಾಯಿದೆಯ 160ನೆಯ ಕಲಮಿನಲ್ಲಿ ಮೂರು ವರ್ಷದವರೆಗೆ ಶಿಕ್ಷೆ ಇದೆ. ಸಾವಕಾಶ ಬರುವ ಗಾಡಿ "ಇನ್ನೂ ದೂರ ಅದ" ಎಂದು ಕಾಣುತ್ತದೆ, ಅದರ ಒಂದು ಗೇಣು ಹೆಚ್ಚಿನ ದಪ್ಪ ಕಾಣುವುದಿಲ್ಲ. ಪ್ಲಾಟ್‌ಫಾರಂ ಅಂಚಿನಲ್ಲಿ ನಿಂತು ನೋಡುವವರಿಗೂ ಇದೇ ಮಾತು. ಎರಡು ಹೆಜ್ಜೆ ಹಿಂದೆ ನಿಲ್ಲಿ.

ರೈಲ್ವೆಯವರಿಗೆ ಮೊದಲ ಮಾತು. ಇಂಥ ಗಾಡಿ ಯಾವಾಗ ಹಾಯುತ್ತದೆ ಎಂಬುದು ನಿಮಗೆ ಮೊದಲೇ ಗೊತ್ತು, ಪರವಾನಗಿ ಇಲ್ಲದೆ ಅದು ಹೊರಡುವುದೇ ಇಲ್ಲ. ಅಂದಮೇಲೆ ಶಾಲೆ, ಆಫೀಸು ಬಿಡುವ ಹೊತ್ತಿಗೆ ಊರ ಗೇಟುಗಳ ಮೇಲೆ ಅದನ್ನು ತಂದು ನಿಲ್ಲಿಸಬಾರದು. ತಡವಾಗುವುದಾದರೆ ಗೇಟಿನಲ್ಲಿ ಒಂದು ಫಲಕ ಬರೆದು ತೂಗುಹಾಕಿದರೆ ಬಸ್ಸಿನವರು ದಾರಿ ಬದಲಿಸಿಕೊಳ್ಳುತ್ತಾರೆ. ಇದಕ್ಕೆ ಬಜೆಟ್ಟು ಬೇಕಿಲ್ಲ, ಮನಸ್ಸು ಸಾಕು.

ಎರಡನೆಯದು ದೊಡ್ಡ ಮಾತು. ನಮ್ಮ ತಲೆಯ ಮೇಲೂ ಈಗ ಅದೇ 25,000 ವೋಲ್ಟಿನ ತಂತಿ ಇದೆ. ದಿನಾ ಬಸ್ಸಿನಲ್ಲಿ ನಿಂತು ಬರುವ ನೌಕರರು, ಸಂತೆಗೆ ಬರುವ ಸಣ್ಣ ವ್ಯಾಪಾರಿಗಳು, ಕಾಲೇಜು ಮಕ್ಕಳು ಕೇಳುವುದು ಹತ್ತಿರದ ಊರುಗಳ ನಡುವೆ ಓಡುವ ಮೆಮು ಗಾಡಿಗಳು ಹೆಚ್ಚಲಿ ಎಂದು. ಕೇಳುವುದು ತಪ್ಪಲ್ಲ. ಆದರೆ ಮನವಿ ಬರೆಯುವ ನಮ್ಮ ಮುಖಂಡರು ಒಂದು ಸಾಲು ಹೆಚ್ಚಾಗಿ ಬರೆಯಲಿ: ಗಾಡಿಯ ಜೊತೆ ಶೆಡ್ಡನ್ನೂ ಕೊಡಿ. ದೂರದ ಶೆಡ್ಡು ನಂಬಿ ಗಾಡಿ ಓಡಿಸಿದರೆ, ಸಣ್ಣ ರಿಪೇರಿಗೂ ಅದು ಡೆಡ್ ಆಗಿ ಎಳೆಸಿಕೊಂಡು ಹೋಗುತ್ತದೆ. ಅದು ತಿರುಗಿ ಬರುವ ತನಕ ಸ್ಟೇಷನ್ನಿನ ಕರಿಹಲಗೆಯ ಮೇಲೆ "ರದ್ದು" ಎಂದು ಬರೆದಿರುತ್ತದೆ. ಶೆಡ್ಡು ಇಲ್ಲೇ ಇದ್ದರೆ ಗಾಡಿಯೂ ಓಡುತ್ತದೆ, ಐ.ಟಿ.ಐ. ಓದಿ ಮನೆಯಲ್ಲಿ ಕೂತ ನಮ್ಮ ಹುಡುಗರಿಗೆ ಪಾನಾ ಹಿಡಿಯುವ ಕೆಲಸವೂ ಸಿಗುತ್ತದೆ.

1871ರಿಂದ ನಮ್ಮ ಅಂಗಳ ಹಾಯ್ದು ಬೇರೆಯವರ ಗಾಡಿ ಹೋಗುತ್ತಿದೆ. ಹೋಗಲಿ, ಬೇಡ ಅನ್ನುವವರು ನಾವಲ್ಲ. ಅವುಗಳ ನಡುವೆ ನಮ್ಮದೂ ನಾಲ್ಕು ಓಡಲಿ. ಮಾನ್ಯ ಲೋಕಸಭಾ ಸದಸ್ಯರೂ ರೈಲ್ವೆ ಅಧಿಕಾರಿಗಳೂ ಇತ್ತ ಗಮನ ಕೊಡುವರೇ?